ಮೊಮ್ಮಗಳ ಹಾಡಿಗೆ ಸೊಲ್ಲು ಸಿಕ್ಕಿತು

ನನ್ನ ಮೊಮ್ಮಗಳು ಹೊನ್ನಾವರದಲ್ಲಿ ಹಾಡಿದಳು! ಮೊದಲು ಇದನ್ನು ಹೇಳಿಬಿಡುತ್ತೇನೆ, ಉಳಿದದ್ದೆಲ್ಲ ಆಮೇಲೆ. ಭಟ್ಕಳ, ಹೊನ್ನಾವರ, ಕುಮಟಾ ಮೂರೂ ಕಡೆಯ ಪ್ರಾಥಮಿಕ ಶಾಲೆಗಳ ಮಕ್ಕಳು ಸೇರಿದ ಸಭೆಯಲ್ಲಿ, ಮೈಕಿನ ಮುಂದೆ ನಿಂತು, ನಾನು ಗದ್ದೆಯಲ್ಲಿ ಹೇಳಿಕೊಟ್ಟ ನಟ್ಟಿ ಹಾಡನ್ನು ಮೊದಲಿನಿಂದ ಕೊನೆಯವರೆಗೆ ಹಾಡಿದಳು. ಅವಳ ಹಿಂದೆ ಅವಳ ತರಗತಿಯ ಮಕ್ಕಳೆಲ್ಲ ಹಾಡಿದರು. ಎದುರಿಗೆ ಕುಳಿತ ಬೇರೆ ಊರಿನ ಮಕ್ಕಳೂ ಹಾಡಿದರು. ಈಗ ಭಟ್ಕಳದ ಒಂದು ಶಾಲೆಯವರು, ನಮ್ಮಲ್ಲಿಗೂ ಬಂದು ಹಾಡಿ ಎಂದು ಕರೆದಿದ್ದಾರೆ. ನಮ್ಮ ಶಾಲೆಯಲ್ಲಿ ಇನ್ನು ಮೇಲೆ ಗುರುವಾರ ಬಂತೆಂದರೆ ಆರಿಸಿದ ಕೆಲವರಿಗಷ್ಟೇ ಅಲ್ಲ, ಎಲ್ಲ ಮಕ್ಕಳಿಗೂ ಸಂಗೀತದ ಪಾಠ.

ಮರುದಿನ ಕುಮಟಾ ಪೇಟೆಯಲ್ಲಿ ಹರಿವೆ ಸೊಪ್ಪಿನ ಬುಟ್ಟಿ ಇಟ್ಟುಕೊಂಡು ಕುಳಿತವಳು ಬಂದವರಿಗೆಲ್ಲ ಇದನ್ನೇ ಹೇಳಿದೆ. ದಿನಾ ನನ್ನ ಹತ್ತಿರ ಕೊಳ್ಳುವ ಒಬ್ಬರು ಕಡೆಗೆ ನಗುತ್ತ ಕೇಳಿದರು: "ಅಜ್ಜಿ, ಸೊಪ್ಪು ಕೊಡ್ತ್ರಾ, ಬರೀ ಸುದ್ದಿ ಹೇಳ್ತ್ರಾ?" ನಾನು ಕಟ್ಟನ್ನು ಕೈಯಲ್ಲಿ ಹಿಡಿದುಕೊಂಡೇ ಮಾತನಾಡುತ್ತಿದ್ದೆ. ಅವರ ಚೀಲ ಅಷ್ಟು ಹೊತ್ತೂ ಬಾಯಿ ತೆರೆದುಕೊಂಡೇ ಇತ್ತು.

ನಮ್ಮ ಮನೆ ಹೊಳನಗದ್ದೆಯಲ್ಲಿ. ನಾನು, ನಮ್ಮ ಯಜಮಾನರು, ಮಗ, ಸೊಸೆ, ಅವರ ಒಬ್ಬಳೇ ಮಗಳು. ಮಗ ಮನೆಗಳಿಗೆ ಕರೆಂಟಿನ ವೈರಿಂಗ್ ಮಾಡುತ್ತಾನೆ. ಸೊಸೆಗೆ ಹೊಲಿಗೆ ಮಿಷನ್ ಇದೆ. ಗದ್ದೆ, ಕೊಯ್ಲು ಮುಗಿದ ಮೇಲೆ ಅದೇ ಗದ್ದೆಯಲ್ಲಿ ಹರಿವೆ, ಮೂಲಂಗಿ, ಗೆಣಸು, ಇದೆಲ್ಲ ನಮ್ಮಿಬ್ಬರು ಮುದುಕರದ್ದು. ಮೊಮ್ಮಗಳು ಊರಿನ ಶಾಲೆಯಲ್ಲಿ ನಾಲ್ಕನೇ ಇಯತ್ತೆ. ನಾನು ಮೂರನೆಯದಕ್ಕೇ ಶಾಲೆ ಬಿಟ್ಟವಳು. ಆದ್ದರಿಂದ ಈ ವರ್ಷ ಅವಳು ನನಗಿಂತ ಮುಂದೆ ಹೋದಳು ಎಂದು ನಾವು ಜೂನ್ ತಿಂಗಳಿನಲ್ಲೇ ಒಮ್ಮೆ ಪಾಯಸ ಮಾಡಿ ಉಂಡಿದ್ದೇವೆ.

ಹಾಡಿನ ಮಾತು ಹೇಳಬೇಕಾದರೆ ನಮ್ಮಲ್ಲಿ ಹಾಡುವ ಕ್ರಮ ಹೇಗೆ ಎಂದು ಹೇಳಬೇಕು. ನಮ್ಮ ಹಾಡು ಒಬ್ಬರೇ ಹಾಡುವ ಹಾಡಲ್ಲ. ಒಬ್ಬಳು ಒಂದು ಸಾಲು ಹೇಳುತ್ತಾಳೆ. ಇನ್ನೊಬ್ಬಳು, ಇಲ್ಲವೇ ಉಳಿದವರೆಲ್ಲ ಸೇರಿ, ಅದೇ ಸಾಲನ್ನು ಎತ್ತಿಕೊಂಡು ತಿರುಗಿ ಹೇಳುತ್ತಾರೆ. ಇದಕ್ಕೆ ಸೊಲ್ಲು ಹಿಡಿಯುವುದು ಎನ್ನುತ್ತೇವೆ. ಸೊಲ್ಲು ಬಂದ ಮೇಲೆಯೇ ಮುಂದಿನ ಸಾಲು. ಬರದಿದ್ದರೆ, ಹೇಳಿದವಳು ಅದನ್ನೇ ಇನ್ನೊಮ್ಮೆ ಹೇಳಿ ಕಾಯಬೇಕು. ಕಾಯದೆ ಮುಂದಕ್ಕೆ ಹೋದರೆ, ಪಂಕ್ತಿಯಲ್ಲಿ ಪಕ್ಕದವರ ಎಲೆಗೆ ಅನ್ನ ಬೀಳುವ ಮೊದಲೇ ಉಂಡು ಕೈ ತೊಳೆದ ಹಾಗೆ. ಯಾರೂ ಹಾಗೆ ಮಾಡುವುದಿಲ್ಲ. ಮಾಡಬಾರದು ಎಂದು ನಮಗೆ ಯಾರೂ ಹೇಳಿಕೊಟ್ಟದ್ದೂ ಅಲ್ಲ, ಅದು ಬಾಯಿಗೇ ಗೊತ್ತಿರುತ್ತದೆ.

ಮದುವೆಯಾಗಿ ಬಂದಲ್ಲಿಂದ ನನಗೆ ಸೊಲ್ಲು ಹಿಡಿದವಳು ನನ್ನ ವಾರಗಿತ್ತಿ, ಯಜಮಾನರ ಅಣ್ಣನ ಹೆಂಡತಿ. ಗದ್ದೆಯಲ್ಲಿ, ಅಕ್ಕಿ ಗೇರುವಾಗ, ಮದುವೆ ಮನೆಗಳಲ್ಲಿ, ನಾನೊಂದು ಅಂದರೆ ಅವಳೊಂದು. ಅವಳು ತೀರಿಕೊಂಡ ಮೇಲೆ ನನ್ನ ಹಾಡು ನಿಂತುಹೋಗಿತ್ತು. ಸೊಸೆಗೆ ಕೇಳುವುದು ಇಷ್ಟ, ಹಾಡಲು ಬಾಯಿ ಬಾರದು. ಒಂದು ನಟ್ಟಿಯ ಸಮಯದಲ್ಲಿ ಬೆಳಗ್ಗೆ ಸಸಿ ನೆಡುತ್ತ, ಅಭ್ಯಾಸಬಲದಿಂದ ನನ್ನಷ್ಟಕ್ಕೆ ಒಂದು ಸಾಲು ಅಂದೆ.

ಬೆಳ್ಳಕ್ಕಿ ಬಂದೀತು ಗದ್ದೀಯ ಅಂಚೀಗೆ

ಅಂಚಿನ ಮೇಲೆ ಮಳೆಗೆ ಎಲೆಯ ಗೊರಬು ಹೊದ್ದು ಕುಳಿತಿದ್ದ ಪುಟ್ಟ ಮೊಮ್ಮಗಳು, ಇನ್ನೂ ಅಂಗನವಾಡಿಗೆ ಹೋಗುತ್ತಿದ್ದವಳು, ಅದನ್ನೇ ತಿರುಗಿ ಹಾಡಿದಳು. ನಾನು ಸೊಂಟ ನೆಟ್ಟಗೆ ಮಾಡಿ ನೋಡಿದೆ. ಅವಳು ಕಾಯುತ್ತಿದ್ದಳು, ಮುಂದೇನು ಎಂದು. ಆವತ್ತಿನಿಂದ ನಾವಿಬ್ಬರೂ ಜೊತೆ. ಒಂದು ದಿನ ನಾನು ಹೇಳಿದರೆ ಅವಳು ಹಿಡಿಯುತ್ತಾಳೆ, ಮರುದಿನ ಅವಳು ಹೇಳಿದರೆ ನಾನು. ಯಜಮಾನರು ಚೇಷ್ಟೆ ಮಾಡುತ್ತಾರೆ: "ಅಜ್ಜಿ ಮೊಮ್ಮಗಳು ಹಾಡ್ತಾ ನಟ್ಟಿ ಮಾಡಿದ್ರೆ ಸಸಿ ಎಲ್ಲ ಕುಣಿದು ಸಾಲು ಸೊಟ್ಟ ಆಗ್ತದೆ." ಸೊಟ್ಟ ಆಗಲಿ, ಭತ್ತ ಬೆಳೆಯುತ್ತದಲ್ಲ.

ಇನ್ನು ಶಾಲೆ. ಅಲ್ಲಿ ಸಂಗೀತ ಎಂದರೆ ಬೆಳಗಿನ ಪ್ರಾರ್ಥನೆ, ಹಬ್ಬದ ದಿನ ಧ್ವನಿವರ್ಧಕದಲ್ಲಿ ಹಾಕುವ ಹಾಡಿಗೆ ಕುಣಿತ, ಅಷ್ಟೇ ಇತ್ತು. ಈ ವರ್ಷ ಹಳದೀಪುರದಿಂದ ಒಬ್ಬರು ಸಂಗೀತದ ಅಕ್ಕೋರು ಬರತೊಡಗಿದರು. ಟೀಚರಿಗೆ ನಮ್ಮಲ್ಲಿ ಅಕ್ಕೋರು ಎನ್ನುವುದು. ದಿನಕ್ಕೊಂದು ಶಾಲೆಯಂತೆ ಅವರಿಗೆ, ನಮ್ಮೂರಿಗೆ ಗುರುವಾರ. ಬಸ್ಸಿಳಿದು ಗದ್ದೆದಾರಿಯಲ್ಲಿ ಕೊಡೆ ಬೀಸುತ್ತ ಬರುತ್ತಾರೆ. ಹಾರ್ಮೋನಿಯಂ ಶಾಲೆಯ ಕಪಾಟಿನಲ್ಲೇ ಇರುತ್ತದೆ. ಚಿಕ್ಕ ವಯಸ್ಸಿನವರು, ನಗುಮುಖ. ಮೊದಲ ಗುರುವಾರ ಮನೆಗೆ ಬಂದ ಮೊಮ್ಮಗಳು, ಅನ್ನದ ಚರಿಗೆಯ ಮುಚ್ಚಳವನ್ನೇ ಹಾರ್ಮೋನಿಯಂ ಮಾಡಿಕೊಂಡು ಸಾ ರೇ ಗ ಎನ್ನುತ್ತ ಕುಳಿತಿದ್ದಳು.

ದೀಪಾವಳಿ ರಜೆ ಮುಗಿದ ಮೇಲೆ ಅಕ್ಕೋರು ಮಕ್ಕಳಿಗೆ ಸುದ್ದಿ ಹೇಳಿದರು. ಹೊನ್ನಾವರದಲ್ಲಿ ಶಾಲೆ ಮಕ್ಕಳ ಹಾಡಿನ ಕಾರ್ಯಕ್ರಮ ಇದೆ. ಬಹುಮಾನ, ಸೋಲು ಗೆಲುವು ಎಂತದೂ ಇಲ್ಲ, ಬಂದು ಹಾಡಿದರಾಯಿತು. ಆದರೆ ಒಂದು ಶಾಲೆಗೆ ಒಂದೇ ಹಾಡು. ಅದಕ್ಕೆ ಹತ್ತು ಮಕ್ಕಳನ್ನು ಆರಿಸುತ್ತೇನೆ, ಒಬ್ಬೊಬ್ಬರೇ ಬಂದು ನಿಮಗೆ ಗೊತ್ತಿರುವ ಹಾಡು ಹಾಡಿ ತೋರಿಸಿ.

ಆ ಗುರುವಾರ ಮೊಮ್ಮಗಳು ತಲೆಗೆ ಎಣ್ಣೆ ಹಚ್ಚಿಸಿಕೊಂಡು, ಎರಡು ಜಡೆ ಹಾಕಿಸಿಕೊಂಡು, ಗದ್ದೆಯ ಅಂಚಿನ ಮೇಲೆ ಓಡಿಕೊಂಡೇ ಶಾಲೆಗೆ ಹೋದಳು. "ನೀ ಆರಿಸಿ ಬತ್ತೆ ಬಿಡು," ಅಂದೆ. ನನಗೆ ಒಂಚೂರೂ ಸಂಶಯ ಇರಲಿಲ್ಲ.

ಸಂಜೆ ಬಂದವಳು ಚೀಲವನ್ನು ಜಗಲಿಯ ಮೇಲೆ ಎಸೆದಳು.

"ಎಂತ ಆತೆ ಮಗಾ?"

"ಎಂತದೂ ಇಲ್ಲ."

"ಆರಿಸಿದ್ರ?"

"ನಾ ಇನ್ನು ಹಾಡುದಿಲ್ಲ."

ಒಳಗೆ ಹೋಗಿ ಕಂಬಳಿ ಹೊದ್ದು ಮಲಗಿದಳು. ಸೊಸೆ ಚಾ ಕೊಡಲು ಹೋದರೆ ಮುಖ ತೆಗೆಯಲಿಲ್ಲ. ಪಕ್ಕದ ಮನೆಯ ಹುಡುಗಿ ಇವಳದೇ ತರಗತಿ. ಅವಳು ಬೇಲಿಯಾಚೆಯಿಂದ ಎಲ್ಲ ಒದರಿದಳು.

"ಅಜ್ಜಿ, ನನ್ನ ಆರ್ಸಿದ್ರು! ಇವಳು ಬೆಳ್ಳಕ್ಕಿ ಅಂತ ಒಂದು ಸಾಲು ಹೇಳಿ ನಿಂತೇ ಹೋದ್ಲು. ಅಕ್ಕೋರು 'ಮುಂದೆ ಹೇಳು' ಅಂದ್ರು. ಮತ್ತೂ ಅದೇ ಸಾಲು ಹೇಳಿ ನಿಂತ್ಲು. ಮತ್ತೂ ಅದೇ. ಎಲ್ಲರೂ ನಗಾಡಿದ್ರು. ಅಕ್ಕೋರು, 'ಅಡ್ಡಿಲ್ಲ ಮಗಾ, ಪೂರ್ತಿ ಕಲಿತ್ಕೊಂಡು ಮುಂದಿನ ವರ್ಷ ಹಾಡು' ಅಂದ್ರು."

ನನಗೆ ಕೂಡಲೇ ಗೊತ್ತಾಯಿತು. ಒಳಗೆ ಹೋಗಿ ಅವಳ ಪಕ್ಕ ಕುಳಿತೆ.

"ಯಾರೂ ಸೊಲ್ಲು ಹಿಡಿಲಿಲ್ವನೆ?"

ಕಂಬಳಿಯೊಳಗಿನಿಂದ ಅಳು ಬಂತು. "ಅಷ್ಟು ಜನ ಇದ್ರು. ಒಬ್ರೂ ಹಿಡಿಲಿಲ್ಲ. ಹಿಡೀದೆ ನಗಾಡಿದ್ರು."

ಮುಂದಿನ ಸಾಲುಗಳೆಲ್ಲ ಅವಳಿಗೆ ಬರುತ್ತವೆ. ಆ ಹಾಡಿನಲ್ಲಿ ನಾನು ಮರೆತಲ್ಲಿ ಅವಳೇ ನೆನಪು ಮಾಡಿಕೊಡುತ್ತಾಳೆ. ಆದರೆ ತಿರುಗಿ ಬಾರದ ಸಾಲಿನ ಮೇಲೆ ಇನ್ನೊಂದು ಸಾಲು ಹೇಳುವುದು ಅವಳ ಬಾಯಿಗೆ ಗೊತ್ತೇ ಇಲ್ಲ.

ಹೊನ್ನಾವರ ತಪ್ಪಿದ್ದಕ್ಕಿಂತ, ಅವಳು ಹಾಡು ಬಿಟ್ಟದ್ದು ನನಗೆ ಕಷ್ಟವಾಯಿತು. ಮರುದಿನ ಸಂಜೆ ಹರಿವೆ ಸಾಲಿಗೆ ನೀರು ಹೊಯ್ಯುವಾಗ ಅವಳಿಗೆ ಕೇಳುವ ಹಾಗೆ ಒಂದು ಸಾಲು ಅಂದೆ. ಅವಳು ಚಿಕ್ಕ ಕೊಡದಲ್ಲಿ ನೀರು ತಂದು ಸುರಿದು ಹೋದಳು. ಇನ್ನೊಮ್ಮೆ ಅಂದೆ. ಬಾವಿಯ ರಾಟೆಯ ಸದ್ದು ಮಾತ್ರ. ಮಾರನೆಯ ದಿನವೂ ಹಾಗೇ. ಯಜಮಾನರು ಕೂಡ ಚೇಷ್ಟೆ ಬಿಟ್ಟು, "ಇವತ್ತು ಗದ್ದೆ ಎಂತಕ್ಕೆ ಹಿಂಗೆ ಸಪ್ಪೆ ಉಂಟು?" ಎಂದರು.

ರಾತ್ರಿ ಊಟಕ್ಕೆ ಕುಳಿತಾಗ ಮಗ ಹೇಳಿದ, "ಅವ್ವಿ, ಗುರುವಾರ ನಾ ಶಾಲಿಗೆ ಹೋಗಿ ಅಕ್ಕೋರಿಗೆ ಹೇಳಿ ಬತ್ತೆ."

"ನೀವು ಹೋಗಿ ಎಂತ ಹೇಳ್ತ್ರಿ?" ಎಂದಳು ಸೊಸೆ. "ನಿಮ್ಗೆ ಹಾಡಿನ ತಲೆ ಬುಡ ಗೊತ್ತುಂಟಾ? ಹೋಗಿ ಫ್ಯೂಸ್ ಹೋಗಿದ್ಯಾ ಅಂತ ಕೇಳ್ತ್ರಿ ಅಷ್ಟೇ."

ಎಲ್ಲರೂ ನಕ್ಕರು, ಮೊಮ್ಮಗಳೊಬ್ಬಳನ್ನು ಬಿಟ್ಟು. ಆಗ ನಾನು, "ನಾನೇ ಹೋಗ್ತೆ," ಎಂದೆ. ಮೊಮ್ಮಗಳು ತಲೆ ಎತ್ತಿ, "ಬೇಡ ಅಜ್ಜಿ, ಮತ್ತೂ ನಗಾಡ್ತ್ರು," ಎಂದಳು. ಆದರೂ ಹೋದೆ.

ಗುರುವಾರ ಪೇಟೆಗೆ ಹೋಗಲಿಲ್ಲ. ಒಳ್ಳೆಯ ಸೀರೆ ಉಟ್ಟು ಶಾಲೆಗೆ ಹೋದೆ. ಹೆಡ್ ಮಾಸ್ತರು ಕುರ್ಚಿ ಕೊಟ್ಟರು. ಸಂಗೀತದ ಅಕ್ಕೋರು ನಾಲ್ಕನೆಯ ತರಗತಿಯಲ್ಲಿದ್ದರು. ಮಕ್ಕಳೆಲ್ಲ ಚಾಪೆಯ ಮೇಲೆ ಕುಳಿತಿದ್ದರು, ಆರಿಸಿದವರು ಮುಂದೆ ಹೊಸ ಹಾಡು ಕಲಿಯಲು, ಉಳಿದವರು ಹಿಂದೆ ಸುಮ್ಮನೆ ಕೇಳಲು. ನನ್ನವಳು ಕೊನೆಯ ಸಾಲಿನಲ್ಲಿ, ನನ್ನನ್ನು ಕಂಡದ್ದೇ ತಲೆಯನ್ನು ಮೊಣಕಾಲಿನ ನಡುವೆ ಇಟ್ಟುಕೊಂಡಳು.

"ಅಕ್ಕೋರೆ, ನಮ್ಮ ಕೂಸು ಹಾಡು ಮರ್ತದ್ದಲ್ಲ," ಎಂದೆ.

"ಹೌದಾ ಅಜ್ಜಿ? ನಾನೂ ಸುಮಾರು ಹೊತ್ತು ಕಾದೆ."

"ಅವಳೂ ಕಾದ್ಲು."

"ಅವಳು ಎಂತಕ್ಕೆ ಕಾದ್ಲು?"

ಇದನ್ನು ಹೇಳಲೆಂದೇ ಬಂದಿದ್ದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಅಲ್ಲಿ ನಿಂತರೆ ಒಂದೂ ಬರಲೊಲ್ಲದು. "ನಮ್ಮಲ್ಲಿ ಹಂಗಲ್ಲ, ನಮ್ಮಲ್ಲಿ..." ಎಂದು ಅಲ್ಲಲ್ಲೇ ಸುತ್ತಿದೆ. ಅಕ್ಕೋರು, "ಅಜ್ಜಿ, ನೀವೇ ಒಮ್ಮೆ ಹಾಡಿ ತೋರಿಸ್ತ್ರಾ?" ಎಂದು ಕುರ್ಚಿಯನ್ನು ಮುಂದಕ್ಕೆಳೆದರು. ಅದು ಸುಲಭ ಎನಿಸಿತು. ಸೆರಗು ಸರಿಮಾಡಿಕೊಂಡು ಹಾಡಿದೆ.

ಬೆಳ್ಳಕ್ಕಿ ಬಂದೀತು ಗದ್ದೀಯ ಅಂಚೀಗೆ

ಹಾಡಿ ನಿಂತೆ. ಮಕ್ಕಳೆಲ್ಲ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಮೇಲೆ ಫ್ಯಾನು ಕಿರ್ ಕಿರ್ ಎನ್ನುತ್ತಿತ್ತು. ಅಕ್ಕೋರು ತಲೆಯಾಡಿಸುತ್ತ ಕಾದರು. ಆಮೇಲೆ ಮೆಲ್ಲಗೆ, "ಮುಂದೆ, ಅಜ್ಜಿ?" ಎಂದರು.

ಮುಂದಿನ ಸಾಲು ನಾಲಿಗೆಯ ತುದಿಯಲ್ಲೇ ಇದೆ. ಹೇಳಿಬಿಟ್ಟರೆ ಮುಗಿಯಿತು. ಆದರೆ ಬಾಯಿ ಅದನ್ನು ಬಿಟ್ಟುಕೊಡಲಿಲ್ಲ. ಮೊದಲಿನದನ್ನೇ ಇನ್ನೊಮ್ಮೆ ಹಾಡಿದೆ, ನಿಂತೆ. ಎದುರಿಗೇ ಕುಳಿತ ಮಕ್ಕಳು ಬಾಯಿಗೆ ಕೈ ಅಡ್ಡ ಹಿಡಿದು ಕಿಸಕ್ಕೆಂದರು. ಮೊಮ್ಮಗಳಿಗೆ ಇಲ್ಲಿ ಆವತ್ತು ಆದದ್ದು ನನಗೂ ಹಾಗೆಹಾಗೇ ಆಯಿತು. ಯಾವುದನ್ನು ತಿಳಿಸಿ ಹೇಳಲು ಬಂದೆನೋ ಅದರಲ್ಲೇ ನಾನೂ ಸಿಕ್ಕಿಕೊಂಡೆ.

ಆಗ ಕೊನೆಯ ಸಾಲಿನಿಂದ ಸೊಲ್ಲು ಬಂತು.

ತಲೆ ಎತ್ತಿರಲಿಲ್ಲ ಅವಳು. ಮೊಣಕಾಲಿನ ನಡುವಿನಿಂದಲೇ, ಸ್ವಲ್ಪ ಸಿಟ್ಟಿನಲ್ಲಿ, ಅಜ್ಜಿಯನ್ನು ಹೀಗೆ ಎಲ್ಲರೆದುರು ನಿಲ್ಲಿಸಿ ನೋಡಲಾರೆ ಎಂಬ ಹಾಗೆ, ಬೆಳ್ಳಕ್ಕಿ ಬಂದೀತು ಎಂದಳು. ನನ್ನ ಬಾಯಿಯಿಂದ ಮುಂದಿನ ಸಾಲು ತಾನಾಗಿ ಹೊರಟಿತು.

ಕಾಲೀಗೆ ಕೆಸರೀಲ್ಲ ಎಲ್ಲಿಂದ ಬಂದೀತು

ಅವಳು ಹಿಡಿದಳು, ಈ ಬಾರಿ ತಲೆ ಎತ್ತಿ.

ಹೊಳೆಯಾಚೆ ತೌರೂರ ಸುದ್ದೀಯ ತಂದೀತು

ಅದನ್ನೂ ಹಿಡಿದಳು. ನಾವಿಬ್ಬರೂ ಆ ಕೋಣೆಯ ಎರಡು ಕೊನೆಯಲ್ಲಿ ಇದ್ದುಕೊಂಡು ಹಾಡನ್ನು ಮುಗಿಸಿದೆವು. ಕಿಸಕ್ಕೆನ್ನುತ್ತಿದ್ದ ಮಕ್ಕಳು ಒಮ್ಮೆ ನನ್ನ ಕಡೆ, ಒಮ್ಮೆ ಅವಳ ಕಡೆ ಕುತ್ತಿಗೆ ತಿರುಗಿಸುತ್ತಿದ್ದರು.

ಅಕ್ಕೋರು ಎದ್ದು ಹೋಗಿ ಅವಳ ಹತ್ತಿರ ಚಾಪೆಯ ಮೇಲೆ ಕುಳಿತರು. "ಆವತ್ತು ನಾನು ಹಿಡೀಬೇಕಿತ್ತಾ?"

"ಹೂಂ. ಯಾರಾದ್ರೂ."

"ನಂಗೆ ಹೇಳ್ಲಿಲ್ಲ ಎಂತಕ್ಕೆ ಮಗಾ?"

"ನಿಮ್ಗೆ ಗೊತ್ತಿರ್ತದೆ ಅಂದ್ಕಂಡೆ."

ಅಕ್ಕೋರು ನಕ್ಕೇ ನಕ್ಕರು, ನಕ್ಕು ಅವಳನ್ನು ತಬ್ಬಿಕೊಂಡರು. "ನಮ್ಮನೇಲಿ ಪ್ರತಿ ಶನಿವಾರ ಭಜನೆ. ಅಪ್ಪ ಒಂದು ಸಾಲು ಹೇಳಿದ್ರೆ ನಾವೆಲ್ಲ ತಿರುಗಿ ಹೇಳ್ತೇವೆ. ಅಷ್ಟಾಗಿಯೂ ನಂಗೆ ಹೊಳೀಲಿಲ್ಲ ನೋಡಿ ಅಜ್ಜಿ," ಎಂದರು. ಮಕ್ಕಳ ಕಡೆ ತಿರುಗಿ, "ಈಗ ಇವಳು ಹೇಳ್ತಾಳೆ, ನಾವೆಲ್ಲ ಹಿಡಿಯುವ. ಆತಾ?" ಎಂದರು. "ಆತೂ!" ಎಂದು ಇಡೀ ತರಗತಿ ಕೂಗಿತು.

ಕೂಗಿದ್ದೇ ಸರಿ. ಮೊದಲ ಬಾರಿ ಸೊಲ್ಲು ಹಿಡಿದದ್ದೂ ಕೂಗಾಟವೇ. ಒಬ್ಬರು ಮುಂದೆ, ಒಬ್ಬರು ಹಿಂದೆ. ಅಲ್ಲಿ ನಾನು ಅಕ್ಕೋರ ಕೆಲಸ ನೋಡಿದೆ. ಮೊಮ್ಮಗಳ ಗಂಟಲು ಎಲ್ಲಿ ನಿಲ್ಲುತ್ತದೆ ಎಂದು ಹಾರ್ಮೋನಿಯಂ ಮನೆಗಳನ್ನು ಒತ್ತುತ್ತ ಹುಡುಕಿದರು. ಆ ಸ್ವರವನ್ನು ಮಕ್ಕಳಿಗೆ ಕಣ್ಣು ಮುಚ್ಚಿಸಿ ಕೇಳಿಸಿದರು. ಅವಳ ಸಾಲು ಮುಗಿಯುವಾಗ ಎಲ್ಲರೂ ಒಟ್ಟಿಗೆ ಉಸಿರೆಳೆದುಕೊಳ್ಳಬೇಕು ಎಂದು ಕೈಯೆತ್ತಿ ತೋರಿಸಿದರು. ಉಸಿರು ಒಟ್ಟಿಗೆ ಆದರೆ ಮಾತೂ ಒಟ್ಟಿಗೆ ಬರುತ್ತದಂತೆ. ನಾವು ಗದ್ದೆಯಲ್ಲಿ ಅದನ್ನು ಮಾಡುತ್ತಲೇ ಬಂದಿರಬಹುದು, ಆದರೆ ಅಷ್ಟು ಮಕ್ಕಳಿಗೆ ಒಂದೇ ಸಲ ಹೇಳಿಕೊಡಲು ನನ್ನಿಂದ ಸಾಧ್ಯವೇ ಇರಲಿಲ್ಲ. ಮನೆಯಲ್ಲಿ ಕೊಂಕಣಿ ಮಾತನಾಡುವ ಮಕ್ಕಳೂ ಇದ್ದರು ಅಲ್ಲಿ. ತೌರೂರು ಎಂದರೆ ಎಂತ ಎಂದು ಒಬ್ಬಳು ಕೇಳಿದಳು. ಅವ್ವಿಯ ಅವ್ವಿ ಮನೆ ಎಂದಳು ನನ್ನ ಮೊಮ್ಮಗಳು, ದೊಡ್ಡ ಮಾಸ್ತರಿಣಿಯ ಹಾಗೆ.

ಆದರೆ ಕೆಲಸ ಅಷ್ಟಕ್ಕೇ ಮುಗಿಯಲಿಲ್ಲ. ಆರಿಸಿದ ಹತ್ತು ಮಕ್ಕಳು ಬೇರೊಂದು ಹಾಡು ಕಲಿಯುತ್ತಿದ್ದರಲ್ಲ. ಪಕ್ಕದ ಮನೆಯ ಹುಡುಗಿ ಬೇಲಿಯ ಹತ್ತಿರ ಬಂದು ನನ್ನನ್ನೇ ವಿಚಾರಿಸಿಕೊಂಡಳು: "ಅಜ್ಜಿ, ನಿಮ್ಮ ಹಾಡು ಬಂದ್ರೆ ನಮ್ಮದು ಎಲ್ಲಿ ಹೋಗ್ಬೇಕು?" ಅವಳು ಕೇಳಿದ್ದು ನ್ಯಾಯವೇ. ಶಾಲೆಗೆ ಒಂದೇ ಹಾಡು. ಹೆಡ್ ಮಾಸ್ತರು ಹೊನ್ನಾವರದವರಿಗೆ ಫೋನು ಮಾಡಿ ನೋಡಿದರು. ಎರಡು ಹಾಡಿಗೆ ಸಮಯ ಇಲ್ಲ ಎಂದರಂತೆ. ಮನೆಯಲ್ಲಿ ಮೊಮ್ಮಗಳು ಮತ್ತೆ ಮಂಕಾದಳು. "ಮೊದ್ಲೇ ಆರ್ಸಿದವರು ಅವ್ರು, ಅವ್ರೇ ಹೋಗ್ತ್ರು," ಎಂದಳು.

ಅಕ್ಕೋರು ಇದನ್ನು ತಾವೇ ತೀರ್ಮಾನ ಮಾಡಲಿಲ್ಲ. ಒಂದು ದಿನ ಬೆಳಗಿನ ಪ್ರಾರ್ಥನೆ ಆದ ಮೇಲೆ ಅಂಗಳದಲ್ಲಿ ಇಡೀ ಶಾಲೆಯ ಎದುರು ಎರಡೂ ಹಾಡು ಹಾಡಿಸಿದರು. ಮೊದಲು ಹತ್ತು ಮಕ್ಕಳ ಹಾಡು. ಚಂದ ಹಾಡಿದರು, ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ನಮ್ಮದು. ಮೂರನೆಯ ಸಾಲಿಗೆ ಬರುವಷ್ಟರಲ್ಲಿ ಎದುರು ಸಾಲಾಗಿ ನಿಂತಿದ್ದ ಒಂದನೇ ಎರಡನೇ ಇಯತ್ತೆಯ ಚಿಳ್ಳೆಪಿಳ್ಳೆಗಳೂ ಸೊಲ್ಲು ಹಿಡಿಯತೊಡಗಿದವಂತೆ. ಅವರಿಗೆ ಯಾರೂ ಹಾಡಲು ಹೇಳಿರಲಿಲ್ಲ. ಬಿಸಿಯೂಟದ ಅಡುಗೆಯವಳು ಕೂಡ ಸೌಟು ಹಿಡಿದುಕೊಂಡು ಬಾಗಿಲಿಗೆ ಬಂದು ಸೇರಿಕೊಂಡಳಂತೆ. ಹೆಡ್ ಮಾಸ್ತರು, "ಇದನ್ನೇ ಒಯ್ಯುವ. ಆದ್ರೆ ಹತ್ತು ಮಕ್ಕಳಲ್ಲ, ತರಗತಿಗೆ ತರಗತಿಯೇ ಹೋಗುವ," ಎಂದರು. ಆ ಹತ್ತು ಮಕ್ಕಳನ್ನು ಅಕ್ಕೋರು ಸೊಲ್ಲಿನ ಮುಂದಾಳುಗಳಾಗಿ ಮಾಡಿದರು, ಅವರಿಗೆ ಸ್ವರ ಗಟ್ಟಿ ಇದೆ, ಉಳಿದವರು ಅವರನ್ನು ಕೇಳಿ ಹಾಡಲಿ ಎಂದು. ಪಕ್ಕದ ಮನೆಯವಳು ಒಂದು ಸಂಜೆ ಮುಖ ಊದಿಸಿಕೊಂಡಿದ್ದಳು. ಮರುದಿನ ಬೇಲಿಯಾಚೆಯಿಂದ ಅವಳೇ, "ಏ, ಬೆಳ್ಳಕ್ಕಿ ಹೇಳೇ, ನಾ ಹಿಡೀತೆ," ಎಂದು ಕರೆದಳು. ಇವಳು ಬಾವಿಕಟ್ಟೆಯಿಂದ ಹೇಳಿದಳು, ಅವಳು ಬೇಲಿಯಿಂದ ಹಿಡಿದಳು. ಯಜಮಾನರು ನೀರಿನ ಕೊಡ ಕೆಳಗಿಟ್ಟು, "ಬಂತಪ್ಪ ಗಲಾಟೆ," ಎಂದು ಮುಖ ಅರಳಿಸಿದರು.

ಕಾರ್ಯಕ್ರಮದ ದಿನ ಬೆಳಗ್ಗೆ ಬಸ್ಸು ಹತ್ತಿದೆವು. ಮಕ್ಕಳು, ಹೆಡ್ ಮಾಸ್ತರು, ಜೊತೆಗೆ ನಾನು ಮತ್ತು ಸೊಸೆ. ಹಳದೀಪುರದಲ್ಲಿ ಅಕ್ಕೋರು ಹತ್ತಿದರು. ಕಂಡಕ್ಟರು ಮಕ್ಕಳನ್ನು ನೋಡಿ, "ಎಂತದಕ್ಕೆ ಇಷ್ಟು ಗಡಿಬಿಡಿ?" ಎಂದ. "ಹಾಡುದಕ್ಕೆ!" "ಹಂಗಾರೆ ಒಂದು ಹಾಡಿ." ಒಬ್ಬರೂ ಬಾಯಿ ಬಿಡಲಿಲ್ಲ.

ಹೊನ್ನಾವರದ ಸಭಾಭವನದ ಪಕ್ಕದ ಪಡಸಾಲೆಯಲ್ಲಿ ಸರದಿಗಾಗಿ ಕಾಯಲು ಹೇಳಿದರು. ನಮ್ಮ ಪಕ್ಕದಲ್ಲೇ ಭಟ್ಕಳದ ಒಂದು ಶಾಲೆಯ ಹುಡುಗಿಯರು. ಅವರೊಳಗೆ ನವಾಯತಿ ಮಾತು, ನಮ್ಮ ಹತ್ತಿರ ಕನ್ನಡ. ಸುಮ್ಮನೆ ಕಾಯುವುದು ಮಕ್ಕಳಿಗೆ ಎಲ್ಲಿ ಬರುತ್ತದೆ? ಸ್ವಲ್ಪ ಹೊತ್ತಿನಲ್ಲೇ ಒಬ್ಬರ ಕೈ ಒಬ್ಬರು ಹಿಡಿದು ಸುತ್ತುವ ಆಟ ಶುರುವಾಯಿತು. ಆಟದ ನಡುವೆ ನನ್ನ ಮೊಮ್ಮಗಳು ಬೆಳ್ಳಕ್ಕಿ ಅಂದಳು, ನಮ್ಮ ಮಕ್ಕಳು ಹಿಡಿದರು, ಎರಡು ಸುತ್ತು ಆಗುವಷ್ಟರಲ್ಲಿ ಭಟ್ಕಳದವರೂ ಹಿಡಿದರು. ಅವರ ಅಕ್ಕೋರು ನನ್ನ ಪಕ್ಕ ಕುಳಿತು, "ಈ ಹಾಡು ನಿಮ್ದಾ? ನಮ್ಮ ಅಜ್ಜಿನೂ ಮದುವೇಲಿ ಹಿಂಗೇ ಒಬ್ರು ಹೇಳಿ ಒಬ್ರು ತಿರುಗಿ ಹೇಳ್ತಿದ್ರು," ಎಂದರು. ಅವರ ಹಾಡು ಮೊದಲು ಆಯಿತು. ಹಾಡಿ ಬಂದು ಸಭೆಯ ಎದುರಿನ ಸಾಲಿನಲ್ಲೇ ಕುಳಿತರು.

ನಮ್ಮ ಸರದಿ ಬಂತು. ನಾನು ಸೊಸೆಯ ಕೈ ಹಿಡಿದುಕೊಂಡೆ. ವೇದಿಕೆಯ ಮೇಲೆ ಒಂದೇ ಮೈಕು. ಮೊಮ್ಮಗಳು ಅದರ ಮುಂದೆ, ಉಳಿದವರು ಅವಳ ಹಿಂದೆ ಎರಡು ಸಾಲು. ಅಕ್ಕೋರು ಪಕ್ಕದಲ್ಲಿ ಹಾರ್ಮೋನಿಯಂ ಮುಂದೆ. ಅಷ್ಟು ದೊಡ್ಡ ದೀಪಗಳು, ಅಷ್ಟು ಜನ. ಅಕ್ಕೋರು ಸ್ವರ ಕೊಟ್ಟರು. ಮೊಮ್ಮಗಳು ಮೊದಲ ಸಾಲು ಹಾಡಿದಳು. ಮೈಕಿನಲ್ಲಿ ಅವಳ ಗಂಟಲು ನನಗೇ ಗುರುತು ಸಿಗದಷ್ಟು ದೊಡ್ಡದಾಗಿ ಕೇಳಿತು.

ಹಿಂದಿನಿಂದ ಸೊಲ್ಲು ಬರಲಿಲ್ಲ.

ಮಕ್ಕಳು ಬೆಚ್ಚಿಬಿದ್ದಿದ್ದರು. ಪಕ್ಕದ ಮನೆಯವಳ ಬಾಯಿ ತೆರೆದಿತ್ತು, ಸದ್ದು ಹೊರಡಲಿಲ್ಲ. ಅಕ್ಕೋರು ಕೈ ಎತ್ತಿ ತೋರಿಸುತ್ತಿದ್ದಾರೆ, ಒಬ್ಬರೂ ಅತ್ತ ನೋಡುತ್ತಿಲ್ಲ. ಇವಳು ಇಲ್ಲಿಯೂ ನಿಂತುಹೋದಳಲ್ಲ, ಮತ್ತೆ ಮನೆಗೆ ಹೋಗಿ ಕಂಬಳಿ ಹೊದ್ದರೆ ಯಾವ ಶಾಲೆಯೂ ಯಾವ ಅಜ್ಜಿಯೂ ಇವಳನ್ನು ಎಬ್ಬಿಸಲಾರರು ಎಂದುಕೊಂಡೆ.

ಅವಳು ಹಿಂದಿರುಗಿ ನೋಡಲಿಲ್ಲ. ಗಡಿಬಿಡಿಯನ್ನೂ ಮಾಡಲಿಲ್ಲ. ನಮ್ಮ ಕ್ರಮದಲ್ಲಿ ಹೇಗೋ ಹಾಗೆ, ಅದೇ ಸಾಲನ್ನು ಇನ್ನೊಮ್ಮೆ ಹೇಳಿದಳು, ಮೊದಲಿಗಿಂತ ನಿಧಾನವಾಗಿ. ಹೇಳಿ ಕಾದಳು.

ಸೊಲ್ಲು ಕೆಳಗಿನಿಂದ ಬಂತು. ಎದುರಿನ ಸಾಲಿನಲ್ಲಿದ್ದ ಭಟ್ಕಳದ ಹುಡುಗಿಯರು ಕುಳಿತಲ್ಲಿಂದಲೇ ಎತ್ತಿಕೊಂಡರು. ಪಡಸಾಲೆಯ ಆಟ ಇನ್ನೂ ಮುಗಿದಿಲ್ಲವೇನೋ ಎಂಬ ಹಾಗೆ. ಅದು ಕೇಳಿದ್ದೇ ವೇದಿಕೆಯ ಮೇಲಿನವರಿಗೆ ಜೀವ ಬಂತು. ಮುಂದಿನ ಸಾಲಿಗೆ ಮೇಲಿನಿಂದ ಒಂದು, ಕೆಳಗಿನಿಂದ ಒಂದು ಸೊಲ್ಲು. ತೌರೂರ ಸುದ್ದೀಯ ತಂದೀತು ಎನ್ನುವಾಗ ಸಭೆಯ ಹಿಂದಿನ ಕುರ್ಚಿಗಳಲ್ಲಿ ಕುಳಿತ ಹೆಂಗಸರೂ ಸೇರಿದ್ದರು. ನಾನೂ ಸೇರಿದ್ದೆ. ಸೊಸೆ ನನ್ನ ಕೈ ಬಿಡಿಸಿಕೊಂಡು ಫೋನಿನಲ್ಲಿ ವಿಡಿಯೋ ಹಿಡಿಯುತ್ತಿದ್ದಳು, ಹಿಡಿಯುತ್ತ ಹಿಡಿಯುತ್ತ ಕಣ್ಣೊರೆಸಿಕೊಳ್ಳುತ್ತಿದ್ದಳು. ಆಮೇಲೆ ನೋಡಿದರೆ ಅರ್ಧದಷ್ಟು ಹೊತ್ತು ಮೇಲಿನ ಮಾಡು ಮಾತ್ರ ಕಾಣುತ್ತದೆ.

ಹಾಡು ಮುಗಿದಾಗ ಮೊಮ್ಮಗಳು ಕೈ ಮುಗಿಯಬೇಕೆಂದು ಹೇಳಿಕೊಟ್ಟಿದ್ದರು. ಅದನ್ನು ಮರೆತು, ಕೆಳಗಿಳಿದು ಓಡಿ ಬಂದು ನನ್ನ ಸೊಂಟಕ್ಕೆ ಆತುಕೊಂಡಳು. "ಹಿಡಿದ್ರಲ್ಲ ಅಜ್ಜಿ! ಎಷ್ಟು ಜನ ಹಿಡಿದ್ರು!" ಭಟ್ಕಳದ ಅಕ್ಕೋರು ಅಲ್ಲಿಗೇ ಬಂದು ನಮ್ಮ ಅಕ್ಕೋರ ಹತ್ತಿರ, "ಜನವರಿಯಲ್ಲಿ ನಮ್ಮ ಶಾಲೆಗೆ ಬರ್ಬೇಕು, ನಮ್ಮ ಮಕ್ಕಳ ಹಾಡಿಗೆ ನಿಮ್ಮವರು ಹಿಡಿಲಿ," ಎಂದರು. ಹೆಡ್ ಮಾಸ್ತರು ಬಸ್ಸಿನಲ್ಲಿ ಬರುವಾಗ, ಇನ್ನು ಗುರುವಾರದ ಪಾಠಕ್ಕೆ ಆರಿಸುವುದು ಗೀರಿಸುವುದು ಬೇಡ, ಎಲ್ಲರೂ ಕುಳಿತು ಹಾಡಲಿ ಎಂದರು. ಆ ಬಸ್ಸಿನಲ್ಲಿ ಕಂಡಕ್ಟರು ಬೇರೆಯವನು, ಪಾಪ. ಕೇಳದಿದ್ದರೂ ಅವನಿಗೆ ಕುಮಟೆಯವರೆಗೆ ಹಾಡೇ ಹಾಡು.

ಮನೆಗೆ ಬಂದಾಗ ಕಾಗಾಲಕ್ಕೆ ಮದುವೆ ಮಾಡಿ ಕೊಟ್ಟ ನನ್ನ ಮಗಳು ಬಂದಾಗಿತ್ತು, ಗಂಡ ಮಕ್ಕಳ ಸಮೇತ. ಸೊಸೆ ಹಿಡಿದ ವಿಡಿಯೋವನ್ನು ಅವಳ ಅಣ್ಣ ಫೋನಿನಲ್ಲಿ ಕಳಿಸಿದ್ದೇ ಸ್ಕೂಟರಿನಲ್ಲಿ ಹೊರಟಳಂತೆ. ಬರುವಾಗ ಅಘನಾಶಿನಿ ಹೊಳೆಯ ಬಳಚು ತಂದಿದ್ದಳು, ಚಿಪ್ಪು ಬಿಡಿಸಿ, ಕಾಯಿ ತುರಿ ಹಾಕಿ ಸುಕ್ಕಾ ಮಾಡಿದಳು. ಯಜಮಾನರು ಪೇಟೆಯಿಂದ ಬಂಗಡೆ ತಂದಿದ್ದರು. ಸೊಸೆ ಸೀರೆ ಬದಲಿಸದೆಯೇ ಒಲೆಯ ಮುಂದೆ ಕುಳಿತು ಸಾರು ಕುದಿಸಿದಳು. ಹೆಸರುಬೇಳೆ ಪಾಯಸ ನನ್ನದು.

ಗಂಡಸರು ಮೊದಲು, ಹೆಂಗಸರು ಆಮೇಲೆ ಎನ್ನುವ ಲೆಕ್ಕ ಆ ದಿನ ನಡೆಯಲಿಲ್ಲ. ಪಾತ್ರೆಗಳನ್ನೆಲ್ಲ ಜಗಲಿಯ ನಡುವೆ ತಂದಿಟ್ಟು ಸುತ್ತ ಎಲ್ಲರೂ ಕುಳಿತೆವು.

"ದೊಡ್ಡ ಬಂಗಡೆ ಯಾರಿಗೆ?" ಎಂದ ಮಗ.

"ಹಾಡಿದವಳಿಗೆ," ಎಂದಳು ಮಗಳು.

"ಹಾಡಿಸಿದವಳು ನಾನು," ಎಂದೆ.

"ನೀವಿಬ್ರೂ 'ನಂಗೆ ನಂಗೆ' ಅಂತಾ ಇರಿ," ಎಂದು ಯಜಮಾನರು ಅದನ್ನು ತಮ್ಮ ತಾಟಿಗೆ ಎತ್ತಿಕೊಂಡರು. ಮೊಮ್ಮಗಳು ಬಿಡುತ್ತಾಳೆಯೇ? ಅಜ್ಜನ ತಾಟಿನಿಂದಲೇ ಮುಳ್ಳು ಬಿಡಿಸಿ ತಿಂದಳು. ತಿನ್ನುತ್ತ, ಭಟ್ಕಳದ ಹುಡುಗಿಯರು ಯಾವ ಬಣ್ಣದ ರಿಬ್ಬನ್ ಕಟ್ಟಿದ್ದರು, ಅವರ ಹಾಡಿನಲ್ಲಿ ಎಂತೆಂತ ಮಾತಿತ್ತು, ಜನವರಿಯಲ್ಲಿ ಅದನ್ನು ಹಿಡಿಯಬೇಕಾದರೆ ಈಗಿನಿಂದಲೇ ಕಲಿಯಬೇಕು, ಯಾರು ಕಲಿಸುತ್ತಾರೆ ಎಂದು ಒಂದೇ ಸಮ ಮಾತು. ಮಗ, ಅವರ ಅಕ್ಕೋರ ಹತ್ತಿರ ಫೋನಿನಲ್ಲಿ ಕಳಿಸಲು ಹೇಳುವ ಎಂದ. ಕಾಗಾಲದ ಮಕ್ಕಳು ತಮ್ಮ ಶಾಲೆಗೂ ಒಬ್ಬರು ಸಂಗೀತದ ಅಕ್ಕೋರು ಬೇಕು ಎಂದು ಅವರ ಅಪ್ಪನಿಗೆ ಗಂಟುಬಿದ್ದರು.

ಆ ಗದ್ದಲದಲ್ಲಿ ಅನ್ನದ ಚರಿಗೆ ಬರಿದಾದದ್ದು ಯಾರಿಗೂ ಗೊತ್ತಾಗಲಿಲ್ಲ. ಸಾರು ಇದೆ, ಬಳಚು ಇದೆ, ಅನ್ನ ಇಲ್ಲ. ಸೊಸೆ ನಗುತ್ತ ಎದ್ದು ಹೋಗಿ ಮತ್ತೆ ಅಕ್ಕಿ ತೊಳೆದು ಒಲೆಗೆ ಇಟ್ಟಳು. ಒಬ್ಬರೂ ಕೈ ತೊಳೆಯಲು ಏಳಲಿಲ್ಲ. ತಾಟು ಮುಂದಿಟ್ಟುಕೊಂಡು, ಎಂಜಲು ಕೈ ಒಣಗಿಸಿಕೊಳ್ಳುತ್ತ, ಅಕ್ಕಿ ಬೇಯುವವರೆಗೂ ಎಲ್ಲರೂ ಒಟ್ಟಿಗೆ ಮಾತನಾಡುತ್ತ ಕುಳಿತೆವು.